ಕತ್ತಲಾದೊಡನೆ ಕಣದ ಕ್ಯಾಮೆರಾ ಆಫ್ ಆಗುತ್ತಿದೆ, ಯಾವ ಪವರ್ ಕೊಡಬೇಕು?

ಕಣದಮನೆ, ಮೂಡಿಗೆರೆ:
ಕಾಫಿ ಕಣಕ್ಕೆ ಹಾಕಿಸಿರುವ ನೆಟ್‌ವರ್ಕ್ ಕ್ಯಾಮೆರಾ ಹಗಲಿಡೀ ಚೆನ್ನಾಗಿ ನಡೆಯುತ್ತದೆ. ಕತ್ತಲಾಗುತ್ತಿದ್ದಂತೆ ತಾನೇ ಆಫ್ ಆಗಿ, ಆನ್ ಆಗಿ, ಮತ್ತೆ ಆಫ್ ಆಗುತ್ತದೆ. ಕಣದ ತುಂಬ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ) ಹರಡಿರುವಾಗ ಹಗಲು ಮಾತ್ರ ಕಾಯುವ ಕ್ಯಾಮೆರಾದಿಂದ ಏನು ಪ್ರಯೋಜನ? ಅಳವಡಿಸಿದವರು ಫೋನ್ ಎತ್ತುತ್ತಿಲ್ಲ. ಅಡಾಪ್ಟರ್ ಬದಲಿಸಿದರೂ ಗುಣವಾಗಿಲ್ಲ. ಪಿಓಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕಳುಹಿಸುವುದು), ಸೋಲಾರ್, ಬ್ಯಾಟರಿ ಇವುಗಳಲ್ಲಿ ಯಾವುದು ಸರಿ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಹೇಮಾವತಿ ದಂಡೆ, ಹಾಸನ:
ಇದು ಲೈನ್ ವೋಲ್ಟೇಜಿನ ಸಮಸ್ಯೆ. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆ. ಒಂದು ಸ್ಟೆಬಿಲೈಜರ್ ಹಾಕಿ.

ಗಿರಿಸಾಲು, ಚಿಕ್ಕಮಗಳೂರು:
ಇಂದಿನ ಅಡಾಪ್ಟರುಗಳ ಮೇಲೆ 100ರಿಂದ 240 ವೋಲ್ಟ್ ಎಂದೇ ಅಚ್ಚಾಗಿರುತ್ತದೆ. ಲೈನ್ 170ಕ್ಕೆ ಇಳಿದರೂ ಅವು 12 ವೋಲ್ಟನ್ನೇ ಕೊಡುತ್ತವೆ. ಕಣದಮನೆಯವರೇ, ಅಡಾಪ್ಟರ್ ಇರುವುದು ಮನೆಯಲ್ಲೋ ಕಣದಲ್ಲೋ, ನಡುವಿನ ದೂರ ಎಷ್ಟು, ಕೇಬಲ್ ಯಾವುದು ಎಂಬುದನ್ನು ನೀವು ಬರೆದೇ ಇಲ್ಲ.

ಹೇಮಾವತಿ ದಂಡೆ, ಹಾಸನ:
ಸ್ಟೆಬಿಲೈಜರ್ ಹಾಕಿದ ಮೇಲೆ ನಮ್ಮ ಮನೆಯ ಎಂಟು ಕ್ಯಾಮೆರಾಗಳೂ ಒಮ್ಮೆಯೂ ನಿಂತಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ.

ಕಣದಮನೆ, ಮೂಡಿಗೆರೆ:
ಅಡಾಪ್ಟರ್ ಮನೆಯಲ್ಲೇ ಇದೆ, ಮತ್ತೆಲ್ಲಿರುತ್ತದೆ? ಒಂದೇ ಕ್ಯಾಟ್6 ಕೇಬಲ್ ಸುಮಾರು 60 ಮೀಟರ್ ಹೋಗಿದೆ. ಎರಡು ತುದಿಗೂ ಸಣ್ಣ ಕಪ್ಪು ಕವಲು ವೈರ್ ಸಿಕ್ಕಿಸಿದ್ದಾರೆ. ಅದನ್ನೇ ಪಿಓಇ ಎಂದು ಹೇಳಿ ಹೋದರು.

ಗಿರಿಸಾಲು, ಚಿಕ್ಕಮಗಳೂರು:
ರೋಗ ಅಲ್ಲೇ ಇದೆ. ಆ ಕವಲು ವೈರ್ 12 ವೋಲ್ಟನ್ನು ಕೇಬಲಿನ ಖಾಲಿ ಜೋಡಿಗಳಲ್ಲಿ ಹಾಗೆಯೇ ನೂಕುತ್ತದೆ. ಅದು ನಿಜವಾದ ಪಿಓಇ ಅಲ್ಲ. 24 ಗೇಜಿನ ಶುದ್ಧ ತಾಮ್ರದ ಎಳೆಗೆ 100 ಮೀಟರಿಗೆ ಸುಮಾರು 8.4 ಓಮ್ ತಡೆ ಇರುತ್ತದೆ. ಹೋಗಲು ಎರಡು ಎಳೆ, ಬರಲು ಎರಡು ಎಳೆ ಎಂದು ಹಿಡಿದರೆ ನಿಮ್ಮ 60 ಮೀಟರಿಗೆ ಸುಮಾರು 5 ಓಮ್ ಆಯಿತು. ಹಗಲು ಕ್ಯಾಮೆರಾ 0.2 ಆಂಪಿಯರ್ ಎಳೆದರೆ ನಷ್ಟವಾಗುವುದು 1 ವೋಲ್ಟ್. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹತ್ತಿಕೊಂಡು 0.5 ಆಂಪಿಯರ್ ಎಳೆದಾಗ ಎರಡೂವರೆ ವೋಲ್ಟ್ ದಾರಿಯಲ್ಲೇ ಕರಗಿ, ಕ್ಯಾಮೆರಾಕ್ಕೆ ಒಂಬತ್ತೂವರೆ ಮಾತ್ರ ತಲುಪುತ್ತದೆ. ಅದು ಸಾಲದೆ ಕ್ಯಾಮೆರಾ ಆಫ್ ಆಗುತ್ತದೆ, ದೀಪ ಆರಿ ಹೊರೆ ಇಳಿದೊಡನೆ ಮತ್ತೆ ಏಳುತ್ತದೆ. ಕೇಬಲ್ ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮಿನದಾಗಿದ್ದರೆ ತಡೆ ಇನ್ನೂ ಒಂದೂವರೆ ಪಟ್ಟು. ಆದ್ದರಿಂದ 5 ಆಂಪಿಯರಿನ ಅಡಾಪ್ಟರ್ ತಂದರೂ ಗುಣವಿಲ್ಲ. ಕತ್ತಲಾದ ಮೇಲೆ ಕ್ಯಾಮೆರಾದ ತುದಿಯಲ್ಲಿ, ಪಿನ್ ಸಿಕ್ಕಿಸಿದಂತೆಯೇ ಮಲ್ಟಿಮೀಟರ್ ಇಟ್ಟು ನೋಡಿ.

ಕಣದಮನೆ, ಮೂಡಿಗೆರೆ:
ನೋಡಿದೆ. ದೀಪ ಹತ್ತುವ ಕ್ಷಣದಲ್ಲಿ 9.3ಕ್ಕೆ ಇಳಿದು ಆಫ್ ಆಯಿತು. ಕ್ಯಾಮೆರಾದ ಲೇಬಲ್ಲಿನಲ್ಲಿ 12 ವೋಲ್ಟ್ ಡಿಸಿ ಎಂದಷ್ಟೇ ಇದೆ.

ಗಿರಿಸಾಲು, ಚಿಕ್ಕಮಗಳೂರು:
ಹಾಗಾದರೆ ಮನೆಯಲ್ಲಿ 802.3ಎಎಫ್ (ನಿಜವಾದ ಪಿಓಇಯ ಒಂದು ಮಾನದಂಡ) ಸ್ವಿಚ್ ಅಥವಾ ಕೇಬಲಿಗೆ ಕರೆಂಟ್ ಸೇರಿಸುವ ಇಂಜೆಕ್ಟರ್, ಕ್ಯಾಮೆರಾದ ಬಳಿ ಅದೇ ಮಾದರಿಯ, 12 ವೋಲ್ಟಿಗೆ ಇಳಿಸಿ ಕೊಡುವ ಸ್ಪ್ಲಿಟರ್ ಹಾಕಿ. ಸುಮಾರು 48 ವೋಲ್ಟಿನಲ್ಲಿ 6 ವಾಟ್ ಕಳುಹಿಸಲು 0.125 ಆಂಪಿಯರ್ ಸಾಕು; ದಾರಿಯ ನಷ್ಟ ಮುಕ್ಕಾಲು ವೋಲ್ಟನ್ನೂ ಮುಟ್ಟುವುದಿಲ್ಲ. ಎಎಫ್ ಪೋರ್ಟ್ ಎದುರಿನ ಸಾಧನವನ್ನು ಗುರುತಿಸಿದ ನಂತರವೇ ಕರೆಂಟ್ ಬಿಡುತ್ತದೆ. ಗುರುತಿಸದೆ ನೇರವಾಗಿ 48 ವೋಲ್ಟ್ ಬಿಡುವ ಅಗ್ಗದ ಇಂಜೆಕ್ಟರನ್ನು ಹಳೆಯ ಕವಲು ವೈರಿಗೆ ಸಿಕ್ಕಿಸಿದರೆ ಮಾತ್ರ ಕ್ಯಾಮೆರಾ ಸುಟ್ಟೇ ಹೋಗುತ್ತದೆ.

ಕಾಡುಮಲ್ಲಿಗೆ, ಸಕಲೇಶಪುರ:
ಇಷ್ಟೆಲ್ಲ ಏಕೆ ಮಾರಾಯ್ರೇ, ಸೋಲಾರ್ ಹಾಕಿಸಿದರೆ ಮುಗಿಯಿತಲ್ಲ?

ಗಿರಿಸಾಲು, ಚಿಕ್ಕಮಗಳೂರು:
ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಬಿಸಿಲನ್ನು ಎಲ್ಲಿಂದ ತರುತ್ತೀರಿ?

ಕಾಡುಮಲ್ಲಿಗೆ, ಸಕಲೇಶಪುರ:
ಕಣದಲ್ಲಿ ಕಾಫಿ ಇರುವುದು ಬೇಸಿಗೆಗೆ ಮುಂಚೆ, ಮಳೆಗಾಲದಲ್ಲಿ ಅಲ್ಲ. ಅದಿರಲಿ, ಏಪ್ರಿಲ್-ಮೇ ಸಿಡಿಲಿಗೆ ಆ ತಾಮ್ರದ ಕೇಬಲ್ ನಿಮ್ಮ ಸ್ವಿಚ್ಚನ್ನೂ ಎನ್‌ವಿಆರನ್ನೂ (ಕ್ಯಾಮೆರಾ ರೆಕಾರ್ಡರ್) ಉಳಿಸುತ್ತದೆಯೇ? ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಯುವುದೇ ಲೇಸು.

ಗಿರಿಸಾಲು, ಚಿಕ್ಕಮಗಳೂರು:
ಸಿಡಿಲಿನ ಮಾತು ಒಪ್ಪಿದೆ. ಆದರೆ ಫೈಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಕಣದಲ್ಲೇ ಬೇರೆ ಪವರ್ ಬೇಕಾಗುತ್ತದೆ.

ಕಣದಮನೆ, ಮೂಡಿಗೆರೆ:
ಕಣದ ಪಕ್ಕದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮನೆಯಲ್ಲಿ ಕರೆಂಟ್ ಇದೆಯಲ್ಲ, ಕ್ಯಾಮೆರಾದಿಂದ ನಾಲ್ಕು ಮಾರು ದೂರ.

ಹೇಮಾವತಿ ದಂಡೆ, ಹಾಸನ:
ಇದನ್ನು ಮೊದಲೇ ಹೇಳಬಾರದಿತ್ತೇ? ಅಲ್ಲಿಯೇ ಅಡಾಪ್ಟರ್ ಹಾಕಿ, ಜೊತೆಗೆ ಸ್ಟೆಬಿಲೈಜರ್.

ಕಣದಮನೆ, ಮೂಡಿಗೆರೆ:
ಅದು ತ್ರೀ-ಫೇಸ್ ಲೈನ್, ರಾತ್ರಿ ಇರುವುದಿಲ್ಲ, ಅದಕ್ಕೇ ಹೇಳಲಿಲ್ಲ. ಮನೆಯಲ್ಲಾದರೆ ಇನ್ವರ್ಟರ್ ಇದೆ.

ಗಿರಿಸಾಲು, ಚಿಕ್ಕಮಗಳೂರು:
ಹಾಗಿದ್ದರೆ ಎಎಫ್ ಸ್ವಿಚ್ ಇನ್ವರ್ಟರಿನ ಮೇಲೆಯೇ ಇರಲಿ. ಸ್ಪ್ಲಿಟರನ್ನು ನೀರು ನುಗ್ಗದ ಡಬ್ಬಿಯಲ್ಲಿ ಇಡಿ; ಕೇಬಲ್ ಡಬ್ಬಿಯ ಕೆಳಗಿನಿಂದ ಒಳಹೋಗಬೇಕು. ಮನೆಯ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಅರ್ಥಿಂಗ್ ತಂತಿಯನ್ನು ನೇತಾಡಲು ಬಿಡದೆ ಅರ್ಥ್‌ಗೆ ಕೊಡಿಸಿ.

ಕಾಡುಮಲ್ಲಿಗೆ, ಸಕಲೇಶಪುರ:
ಗುಡುಗು ಶುರುವಾಗುವ ಮೊದಲೇ ಆ ಕೇಬಲ್ ಕಿತ್ತಿಡಿ. ಫೈಬರ್ ಎಂಬ ನನ್ನ ಮಾತು ಹಾಗೆಯೇ ಇರಲಿ.