ಅಯಾನಿಕ ದ್ರವದ ಮೈಕ್ರೊಎಮಲ್ಷನ್‌ನಲ್ಲಿ ಜಿಂಕ್ ಆಕ್ಸೈಡ್ ನ್ಯಾನೊಕಣ: ಮಳೆಗಾಲದಲ್ಲಿ ಗಾತ್ರ ಏಕೆ ಬದಲಾಗುತ್ತದೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಕೊಣಾಜೆ)
ಎಲ್ಲರಿಗೂ ನಮಸ್ಕಾರ. ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಮ್ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಅಯಾನಿಕ ದ್ರವದಲ್ಲಿ (ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಲವಣ) ಟ್ರೈಟಾನ್ ಎಕ್ಸ್-100 ಎಂಬ ಸರ್ಫ್ಯಾಕ್ಟಂಟ್ (ಸಾಬೂನಿನಂತೆ ಹನಿಗಳನ್ನು ಸುತ್ತುವರಿದು ಹಿಡಿದಿಡುವ ವಸ್ತು) ಬಳಸಿ ನೀರಿನ ಸೂಕ್ಷ್ಮ ಹನಿಗಳನ್ನು, ಅಂದರೆ ಮೈಕ್ರೊಎಮಲ್ಷನ್ ಮಾಡಿ, ಒಂದು ಮಿಶ್ರಣದಲ್ಲಿ ಜಿಂಕ್ ನೈಟ್ರೇಟ್, ಇನ್ನೊಂದರಲ್ಲಿ ಅಮೋನಿಯಾ ಇಟ್ಟು ಎರಡನ್ನೂ ಬೆರೆಸುತ್ತೇನೆ. ಬಂದ ಪ್ರಕ್ಷೇಪವನ್ನು ತೊಳೆದು 400 ಡಿಗ್ರಿಯಲ್ಲಿ ಕಾಯಿಸುತ್ತೇನೆ. ಬೇಸಿಗೆಯಲ್ಲಿ ಸರಿಯಾಗಿ ಬಂದ ಕಣಗಳು ಜುಲೈ ತಿಂಗಳಲ್ಲಿ ದೊಡ್ಡದಾಗಿ, ಒಂದೇ ಅಳತೆಯಿಲ್ಲದೆ ಬರುತ್ತಿವೆ. ಪ್ರಮಾಣಗಳನ್ನು ನಾನು ಬದಲಿಸಿಲ್ಲ.

ಉತ್ತರ 1 (ಸುರತ್ಕಲ್)
ನೀವು ಬದಲಿಸದಿದ್ದರೂ ನಮ್ಮ ಕರಾವಳಿಯ ಗಾಳಿ ಬದಲಿಸಿರಬಹುದು. ಕಣ ಬೆಳೆಯುವುದು ಹನಿಯೊಳಗೆ; ಆ ಹನಿಯ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀರು ಮತ್ತು ಸರ್ಫ್ಯಾಕ್ಟಂಟ್‌ಗಳ ಮೋಲ್ ಅನುಪಾತ (ಅಣುಗಳ ಸಂಖ್ಯೆಯ ಅನುಪಾತ). ಅದು ಏರಿದರೆ ಹನಿ ದೊಡ್ಡದಾಗುತ್ತದೆ. ಈ ದ್ರವ ನೀರಿನೊಂದಿಗೆ ಬೆರೆಯುವುದಿಲ್ಲವೆಂದು ಹೇಳಿದರೂ, ತನ್ನ ತೂಕದ ಸುಮಾರು 2 ಪ್ರತಿಶತದಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅಂದರೆ 10 ಗ್ರಾಂ ದ್ರವದಲ್ಲಿ 0.2 ಗ್ರಾಂ ನೀರು, ಸರಿಸುಮಾರು 11 ಮಿಲಿಮೋಲ್. ಟ್ರೈಟಾನ್ 6.5 ಗ್ರಾಂ, ಅಂದರೆ 10 ಮಿಲಿಮೋಲ್ ಇದ್ದರೆ, ಲೆಕ್ಕಕ್ಕೆ ಸಿಗದ ಈ ನೀರೊಂದೇ ಅನುಪಾತವನ್ನು 1ರಷ್ಟು ಏರಿಸಬಹುದು. ಅದರಲ್ಲಿ ಒಂದಷ್ಟು ಹನಿಯೊಳಗೆ ಹೋಗದೆ ಅಯಾನಿಕ ದ್ರವದಲ್ಲೇ ಕರಗಿ ಉಳಿಯುವುದರಿಂದ ಇದು ಗರಿಷ್ಠ ಅಂದಾಜು. ಟ್ರೈಟಾನ್ ಕೂಡ ತೇವ ಹೀರುತ್ತದೆ ಎಂಬುದನ್ನು ಮರೆಯಬೇಡಿ. ದ್ರವವನ್ನು ನಿರ್ವಾತದಲ್ಲಿ 70 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿ, ಕಾರ್ಲ್ ಫಿಷರ್ ಟೈಟ್ರೇಷನ್‌ನಿಂದ ಉಳಿದ ನೀರನ್ನು ಅಳೆದು, ಅಷ್ಟನ್ನು ಕಳೆದು ನೀರು ಸೇರಿಸಿ.

ಉತ್ತರ 2 (ಮಣಿಪಾಲ)
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಒಣಗಿಸುವ ಭರದಲ್ಲಿ ಉಷ್ಣತೆಯನ್ನು ಏರಿಸಬೇಡಿ. ಹೆಕ್ಸಾಫ್ಲೋರೋಫಾಸ್ಫೇಟ್ ಅಯಾನು ನೀರು ಮತ್ತು ಬಿಸಿ ಎರಡೂ ಸೇರಿದಾಗ ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಬಿಡುಗಡೆ ಮಾಡಬಲ್ಲದು. ಅದು ಗಾಜನ್ನೂ ತಿನ್ನುತ್ತದೆ, ಕೈಯನ್ನೂ ಬಿಡುವುದಿಲ್ಲ. ಅದೇ ಕಾರಣಕ್ಕೆ, ಕಾಯಿಸುವ ಮುನ್ನ ಪ್ರಕ್ಷೇಪವನ್ನು ಎಥನಾಲ್ ಮತ್ತು ಅಸಿಟೋನ್‌ನಲ್ಲಿ ಚೆನ್ನಾಗಿ ತೊಳೆಯಬೇಕು. ಈ ದ್ರವಕ್ಕೆ ಆವಿಯ ಒತ್ತಡ ಬಹುತೇಕ ಇಲ್ಲದ್ದರಿಂದ ತಾನಾಗಿ ಆರಿ ಹೋಗುವುದಿಲ್ಲ, ಅಂಟಿಕೊಂಡೇ ಕುಲುಮೆಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು ಸರ್. ಷೆರರ್ ಸೂತ್ರದಿಂದ (ಎಕ್ಸ್-ರೇ ವಿವರ್ತನೆಯ ಶಿಖರದ ಅಗಲದಿಂದ ಗಾತ್ರ ಲೆಕ್ಕಹಾಕುವ ಸೂತ್ರ) ಬಂದ ಗಾತ್ರ ಹಿಂದಿನಷ್ಟೇ ಇದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ದೊಡ್ಡದಾಗಿ ಕಾಣುತ್ತಿದೆ. ಇದಕ್ಕೆ ಕಾರಣವೇನು?

ಉತ್ತರ 2
ಎಕ್ಸ್-ರೇ ವಿವರ್ತನೆಯ 36.2 ಡಿಗ್ರಿಯ ಶಿಖರದ ಅಗಲ ಹೇಳುವುದು ಸ್ಫಟಿಕದ ಗಾತ್ರವನ್ನು, ಕಣದ ಗಾತ್ರವನ್ನಲ್ಲ. ಹಾಗಿದ್ದರೆ ನಿಮ್ಮಲ್ಲಿ ಸಣ್ಣ ಸ್ಫಟಿಕಗಳೇ ಒಂದಕ್ಕೊಂದು ಅಂಟಿ ಗಂಟುಗಳಾಗಿವೆ. ಕಾಯಿಸುವ ಮೊದಲಿನ ಮಾದರಿಯನ್ನೂ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿ. ಗಂಟು ಆಗಲೇ ಇದ್ದರೆ ಹನಿಗಳ ಕಡೆ, ಆಮೇಲೆ ಕಂಡರೆ ಕುಲುಮೆಯ ಕಡೆ ಹುಡುಕಬೇಕು. ಅಮೋನಿಯಾ ಹೆಚ್ಚಾದರೆ ಜಿಂಕ್ ಅಮೈನ್ ಸಂಕೀರ್ಣವಾಗಿ ಮತ್ತೆ ಕರಗುತ್ತದೆ, ಅದರ ಅಳತೆಯನ್ನೂ ಪರೀಕ್ಷಿಸಿ.