ಡೀಸೆಲ್ ಬೈಕಿನ ‘ಟಾರ್ಕ್’: ಎಳೆತವೋ, ಜಗ್ಗುವುದೋ?

ಗೆಳೆಯರೇ, ನಮಸ್ಕಾರ.

ದೂರದ ಓಡಾಟಕ್ಕೆ ಡೀಸೆಲ್ ಬೈಕು ಎಷ್ಟು ಒಳ್ಳೆಯದು ಅಂತ ಒಂದು ಬರಹ ಬರೆಯುತ್ತಿದ್ದೇನೆ. ‘ಟಾರ್ಕ್’, ಅಂದರೆ ಇಂಜಿನ್ ತಿರುಗಿಸುವ ಬಲ, ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ‘ತಿರುಗುಬಲ’, ‘ತಿರುಚುಬಲ’ ಅಂತ ಬರೆಯುವವರಿದ್ದಾರೆ. ಗ್ಯಾರೇಜಿನಲ್ಲಿ ಕೇಳಿದರೆ ‘ಪುಲ್ಲಿಂಗ್’ ಅಂತಾರೆ. ‘ಪಿಕಪ್’ ಅಂತೂ ಅಲ್ಲ, ಅದು ಗಾಡಿ ಬೇಗ ವೇಗ ಹಿಡಿಯುವುದು.

ಹುಬ್ಬಳ್ಳಿಯ ನಮ್ಮ ಚಿಕ್ಕಪ್ಪನ ಹತ್ತಿರ ಎನ್‌ಫೀಲ್ಡ್ ಟಾರಸ್ ಇತ್ತು. ಊರವರ ಬಾಯಲ್ಲಿ ಅದು ಡೀಸೆಲ್ ಬುಲೆಟ್. 325 ಸಿಸಿಯ ಗ್ರೀವ್ಸ್ ಲೊಂಬಾರ್ಡಿನಿ ಇಂಜಿನ್, ಬರೀ 6.5 ಅಶ್ವಶಕ್ತಿ. ಗಂಟೆಗೆ 60 ಕಿ.ಮೀ. ಹತ್ತಿರ ಬಂದರೆ ಹ್ಯಾಂಡಲ್ ಹಿಡಿದ ಕೈ ಜುಮ್ಮೆನ್ನುತ್ತಿತ್ತು. ಆದರೆ ಒಂದು ಲೀಟರಿಗೆ 70 ಕಿ.ಮೀ. ಕೊಡುತ್ತಿತ್ತು. ಸ್ಪಾರ್ಕ್ ಪ್ಲಗ್ಗೇ ಇಲ್ಲ, ಹಾಗಾಗಿ ಮಳೆಯಲ್ಲಿ ಅದು ನೆನೆದು ಗಾಡಿ ನಿಂತಿತು ಅನ್ನುವ ಮಾತೇ ಇಲ್ಲ.

ಒಮ್ಮೆ ಅಂಕೋಲೆಯಿಂದ ವಾಪಸ್ ಬರುವಾಗ ಅರಬೈಲು ಘಟ್ಟ. ಮುಂದೆ ಅದಿರಿನ ಲಾರಿ ತೆವಳುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಒಣಮೀನಿನ ಚೀಲ. ಎರಡನೇ ಗೇರು. ಇಂಜಿನ್ನಿನ ಒಂದೊಂದು ಹೊಡೆತವನ್ನೂ ಎಣಿಸಬಹುದಿತ್ತು, ಆದರೂ ಅದು ಉಸಿರು ಬಿಡಲಿಲ್ಲ. ಚಿಕ್ಕಪ್ಪ ತಿರುಗಿ, ‘ನೋಡಲೇ, ಹೆಂಗ್ ಜಗ್ಗತೈತಿ!’ ಅಂದರು.

ಅಳತೆಗೆ ಹೋದರೆ ಟಾರಸ್ಸಿನ ಟಾರ್ಕ್ ಪೆಟ್ರೋಲ್ ಬುಲೆಟ್ಟಿಗಿಂತ ಕಡಿಮೆಯೇ. ಹಾಗಾದರೆ ಚಿಕ್ಕಪ್ಪ ಹೇಳಿದ್ದು ಏನನ್ನು? ಡೀಸೆಲ್ ಇಂಜಿನ್ನಿಗೆ ಬರುವ ಗಾಳಿಯನ್ನು ಪೆಟ್ರೋಲ್ ಗಾಡಿಯ ಹಾಗೆ ತಡೆದು ಬಿಡುವುದಿಲ್ಲ. ಪ್ರತಿ ಸಲವೂ ಅದು ಎದೆ ತುಂಬ ಉಸಿರು ಎಳೆದುಕೊಳ್ಳುತ್ತದೆ. ಹೆಚ್ಚುಕಡಿಮೆ ಆಗುವುದು ಡೀಸೆಲ್ ಮಾತ್ರ. ಭಾರ ಬಿದ್ದಾಗ, ಇಂಜಿನ್ನಿನ ವೇಗ ಕಾಯುವ ಭಾಗವಾದ ಗವರ್ನರ್ ಇನ್ನಷ್ಟು ಡೀಸೆಲ್ ಬಿಡುತ್ತದೆ. ನಿಧಾನಕ್ಕೆ ತಿರುಗುತ್ತಲೇ ಗಾಡಿ ಏರು ಹತ್ತುತ್ತದೆ. ಈ ಗುಣ ‘ತಿರುಗುಬಲ’ ಅನ್ನುವ ಪದದಲ್ಲಿ ನನಗೆ ಕಾಣುತ್ತಿಲ್ಲ.

‘ಎಳೆತ’ ಪರವಾಗಿಲ್ಲ, ಎತ್ತಿನ ಗಾಡಿ ನೆನಪಾಗುತ್ತದೆ. ಆದರೆ ನನ್ನ ಮನಸ್ಸು ‘ಜಗ್ಗು’ ಕಡೆಗೇ ಇದೆ. ತೊಡಕು ಇರುವುದೂ ಅಲ್ಲೇ. ಹಗ್ಗ ಜಗ್ಗಾಟ ಅಂದಾಗ ಜಗ್ಗು ಅಂದರೆ ಎಳೆ. ‘ಎಷ್ಟು ಹೇಳಿದರೂ ಜಗ್ಗಲಿಲ್ಲ’ ಅಂದಾಗ ಮಣಿ, ಸಡಿಲು. ಡೀಸೆಲ್ ಬೈಕು ಜಗ್ಗುತ್ತದೆ, ಏರಿಗೆ ಜಗ್ಗುವುದಿಲ್ಲ. ಎರಡೂ ನಿಜ ಅಲ್ವಾ? ಮೈಸೂರು ಕಡೆಯವರು ಓದಿದರೆ ಮೊದಲನೆಯದು ‘ಗಾಡಿ ಕುಗ್ಗುತ್ತದೆ’ ಅಂತ ಕೇಳಿಸೀತೇ?

ನಿಮ್ಮ ಕಡೆ ಟ್ರ್ಯಾಕ್ಟರು, ಪವರ್ ಟಿಲ್ಲರು ಓಡಿಸುವವರು ಇದಕ್ಕೆ ಏನಂತಾರೆ? ‘ದಮ್ಮು’, ‘ಕಸುವು’ ಬಿಟ್ಟು ಬೇರೆ ಮಾತಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.