ಮಗಳಿಗೆ ಹಳೇ ಪೋಕೆಮಾನ್ ರೆಡ್ ಕೊಡಲಾ, ಫೈರ್‌ರೆಡ್ ಕೊಡಲಾ?

ಸುಮಾ_ಆರ್: ಮಗಳಿಗೆ ಒಂಬತ್ತು ವರ್ಷ, ಪೋಕೆಮಾನ್ ಹುಚ್ಚು ಹಿಡಿದಿದೆ. 1996ರ ಗೇಮ್ ಬಾಯ್ ಆಟ ರೆಡ್ ಕೊಡಿಸಲಾ, ಅದನ್ನೇ ಹೊಸದಾಗಿ ಮಾಡಿದ 2004ರ ಫೈರ್‌ರೆಡ್ ಕೊಡಿಸಲಾ? ಎರಡರಲ್ಲೂ ಕಥೆ ಒಂದೇ ಅಂತಾರೆ. ಆಡಿದವರು ಹೇಳಿ.

ಕೆಂಪು_ಕಾರ್ಟ್ರಿಡ್ಜ್: ಹಳೇದೇ. ಎರಡು ಮಾತಿಲ್ಲ. ಇದನ್ನ ಸೃಷ್ಟಿಸಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿದು ಸಾಕ್ತಿದ್ದ ಖುಷಿಯನ್ನೇ ಆಟ ಮಾಡಿದ. ಅವನ ಕಂಪನಿ ಗೇಮ್ ಫ್ರೀಕ್‌ನವರಿಗೆ ಅದನ್ನ ಮುಗಿಸೋಕೆ ಆರು ವರ್ಷ ಬೇಕಾಯ್ತು. 151 ಪೋಕೆಮಾನ್, 15 ಟೈಪ್ (ಬೆಂಕಿ, ನೀರು, ಹುಳ ಥರದ ಜಾತಿಗಳು), ಅಷ್ಟೇ. ಸಮತೂಕದ ಆಟ. ಆಮೇಲೆ ಬಂದದ್ದೆಲ್ಲ ಬರೀ ಒಗ್ಗರಣೆ.

ಬೈಟ್_ಭಟ್ಟ: "ಸಮತೂಕದ ಆಟ"?! ಸೈಕಿಕ್ (ಮನಶ್ಶಕ್ತಿಯ) ಟೈಪಿಗೆ ಎದುರು ನಿಲ್ಲೋರೇ ಇಲ್ಲದ ಆಟ ಅದು. ಆಟದಲ್ಲಿ ಸ್ಯಾಫ್ರನ್ ಅನ್ನೋ ಊರಿನ ಜಿಮ್ (ಹೋರಾಟದ ಅಖಾಡ) ಒಳಗೆ ನಿಂತವನೇ "ಸೈಕಿಕ್‌ಗೆ ದೆವ್ವ, ಹುಳ ಕಂಡರೆ ಭಯ" ಅಂತಾನೆ. ಅವನ ಮಾತು ನಂಬಿ ದೆವ್ವದ ಪೋಕೆಮಾನ್ ಗ್ಯಾಸ್ಟ್ಲಿ ಬಿಟ್ಟು ನೆಕ್ಕಿಸಿದರೆ ಏಟೇ ತಾಗಲ್ಲ. ಕೋಡ್‌ನಲ್ಲಿ ಘೋಸ್ಟ್ (ದೆವ್ವದ) ಏಟಿಗೆ ಸೊನ್ನೆ ಬರೆದಿಟ್ಟಿದ್ದಾರೆ! ಸಾಲದ್ದಕ್ಕೆ ಆ ಆಟದ ದೆವ್ವಗಳೆಲ್ಲ ಪಾಯ್ಸನ್ (ವಿಷದ) ಟೈಪ್ ಕೂಡ ಹೌದು, ಸೈಕಿಕ್ ಎದುರು ಪಾಯ್ಸನ್ ದುರ್ಬಲ, ಒಂದು ಏಟಿಗೆ ಅಂಗಾತ.

ಕೆಂಪು_ಕಾರ್ಟ್ರಿಡ್ಜ್: ದೆವ್ವ ಬಿಡಿ, ಹುಳ ಇತ್ತಲ್ಲ? ಜೋಲ್ಟಿಯಾನ್ ಅನ್ನೋ ಪೋಕೆಮಾನ್‌ಗೆ ಹುಳ ಟೈಪಿನ ಪಿನ್ ಮಿಸೈಲ್ ಏಟು ಕೊಟ್ಟಿದ್ದು ಯಾಕೆ ಅಂದ್ಕೊಂಡ್ರಿ?

ಬೈಟ್_ಭಟ್ಟ: ಅದರ ಪವರ್ 14. ಸೊಳ್ಳೆ ಕಚ್ಚಿದ ಹಾಗೆ.

ಹಾಸನದ_ಹೈದ: ಭಟ್ರೇ, ಸೈಕಿಕ್ ಜೋರಿದ್ದರೆ ತಪ್ಪೇನು? ಅದರಲ್ಲೇ ಮಜಾ ಇದ್ದಿದ್ದು. ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಎಮ್ಯುಲೇಟರ್‌ನಲ್ಲಿ (ಗೇಮ್ ಬಾಯ್ ಆಟವನ್ನ ಕಂಪ್ಯೂಟರ್‌ನಲ್ಲಿ ನಡೆಸೋ ಸಾಫ್ಟ್‌ವೇರ್) ಆಡ್ತಿದ್ವಿ. ನನ್ನ ಅಲಕಜಾಮ್ (ಸೈಕಿಕ್ ಪೋಕೆಮಾನ್) ಒಂದೇ ಆಟದ ಕೊನೆಗೆ ಬರೋ ನಾಲ್ಕು ಘಟಾನುಘಟಿಗಳನ್ನ, ಅದೇ ಎಲೈಟ್ ಫೋರನ್ನ, ಮಲಗಿಸಿತ್ತು.

ಕೆಂಪು_ಕಾರ್ಟ್ರಿಡ್ಜ್: ಒಂದ್ ನಿಮಿಷ. "ನನ್ನ ಅಲಕಜಾಮ್"? ಕಡಾಬ್ರಾ ಅನ್ನೋ ಪೋಕೆಮಾನ್ ಬೆಳೆದು ಅಲಕಜಾಮ್ ಆಗೋದು ಇನ್ನೊಬ್ಬರ ಜೊತೆ ಟ್ರೇಡ್ (ವಿನಿಮಯ) ಮಾಡಿದರೆ ಮಾತ್ರ. ಸೈಬರ್ ಸೆಂಟರ್ ಕಂಪ್ಯೂಟರ್‌ಗೆ ಎರಡು ಗೇಮ್ ಬಾಯ್ ಜೋಡಿಸೋ ಲಿಂಕ್ ಕೇಬಲ್ ಎಲ್ಲಿ ಚುಚ್ಚಿದ್ರಿ ಸಾರ್?

ಹಾಸನದ_ಹೈದ: ಎರಡು ಕಿಟಕಿ ತೆಗೆದು ಟ್ರೇಡ್ ಮಾಡೋ ಎಮ್ಯುಲೇಟರ್‌ಗಳು ಆಗಲೇ ಇದ್ದವು. ಗೊತ್ತಿಲ್ಲದಿದ್ರೆ ಸುಮ್ನಿರಿ.

ಕೆಂಪು_ಕಾರ್ಟ್ರಿಡ್ಜ್: ನಿಮಗೆ ನೀವೇ ಟ್ರೇಡ್ ಮಾಡ್ಕೊಂಡ್ರಾ! ಅದಕ್ಕೆ ಟ್ರೇಡ್ ಅನ್ನಲ್ಲ, ಬಲಗೈಯಿಂದ ಎಡಗೈಗೆ ಸಾಲ ಅಂತಾರೆ. ಕೇಬಲ್ ಒಳಗೆ ಹುಳ ಆ ಕಡೆಯಿಂದ ಈ ಕಡೆ ಹರಿದು ಹೋಗೋದನ್ನ ಕಲ್ಪಿಸ್ಕೊಂಡೇ ತಜಿರಿಗೆ ಈ ಆಟ ಹೊಳೆದಿದ್ದು. ರೆಡ್‌ನಲ್ಲಿ ವಲ್ಪಿಕ್ಸ್ ಅನ್ನೋ ಪೋಕೆಮಾನ್ ಸಿಗಲ್ಲ, ಅದರ ಜೋಡಿ ಆಟ ಬ್ಲೂನಲ್ಲಿ ಗ್ರೋಲಿತ್ ಸಿಗಲ್ಲ. ಯಾಕೆ? ಪಕ್ಕದ ಮನೆ ಹುಡುಗನ ಹತ್ರ ಹೋಗಲಿ ಅಂತ.

ಕುಡ್ಲದ_ಗೆಂಗಾರ್: "ಪಕ್ಕದ ಮನೆ ಹುಡುಗ" ಅಂತೆ! ನಮ್ಮ ಊರಲ್ಲಿ ಪಕ್ಕದ ಮನೆಯವನ ಹತ್ರ ಗೇಮ್ ಬಾಯ್ ಇತ್ತಾ ಮಾರಾಯ್ರೇ? ಇಡೀ ಶಾಲೆಯಲ್ಲೇ ಒಂದು ಇರಲಿಲ್ಲ. ಟೀವಿಯಲ್ಲಿ ಕಾರ್ಟೂನ್ ನೋಡುದು, ಚಿಪ್ಸ್ ಪ್ಯಾಕೆಟಿನ ಟಾಜೋ ಕೂಡಿಸಿಡುದು. ಎಮ್ಯುಲೇಟರ್ ಇಲ್ಲದಿದ್ರೆ ನಮ್ಮಲ್ಲಿ ಮುಕ್ಕಾಲು ಜನ ಈ ಆಟವನ್ನು ನೋಡ್ತಾನೇ ಇರಲಿಲ್ಲ.

ಕೆಂಪು_ಕಾರ್ಟ್ರಿಡ್ಜ್: ನೋಡೋದು ಬೇರೆ, ಆಡೋದು ಬೇರೆ. ಸ್ಪೇಸ್ ಬಾರ್ ಒತ್ತಿ ಆಟವನ್ನ ಬೇಗ ಓಡಿಸ್ಕೊಂಡು, ಸೋತರೆ ಎಮ್ಯುಲೇಟರ್‌ನಲ್ಲಿ ಹಿಡಿದಿಟ್ಟ ಹಿಂದಿನ ಕ್ಷಣಕ್ಕೆ, ಸೇವ್ ಸ್ಟೇಟ್‌ಗೆ, ವಾಪಸ್ ಬಂದು ಗೆದ್ದೆ ಅನ್ನೋದು ಆಟವಲ್ಲ.

ಹಾಸನದ_ಹೈದ: ರೀ, ಗಂಟೆ ಮುಗೀತು ಅಂತ ಸೆಂಟರ್‌ನವನು ಹಿಂದೆ ಬಂದು ನಿಂತಿರೋವಾಗ ಸ್ಪೇಸ್ ಬಾರ್ ಒತ್ತದೆ ಇನ್ನೇನು ಮಾಡ್ಲಿ? ಸೇವ್ ಫೈಲ್ ಅಲ್ಲೇ ಇರ್ತಿತ್ತು. ಮಾರನೇ ವಾರ ಹೋದರೆ ಕಂಪ್ಯೂಟರ್ ಫಾರ್ಮ್ಯಾಟ್. ನಾಲ್ಕು ಸಲ ಮೊದಲಿಂದ ಆಡಿದೀನಿ. ನಾಲ್ಕು! ನಿಮಗೆ ಆ ಕಷ್ಟ ಗೊತ್ತಾ?

ಬೈಟ್_ಭಟ್ಟ: "ಸೋತರೆ" ಅಂದ್ರಲ್ಲ, ಆ ಆಟದಲ್ಲಿ ಸೋಲೋದರಲ್ಲಿ ಅರ್ಧ ಬಗ್‌ನಿಂದಲೇ. ಶೇಕಡಾ 100 ನಿಖರ ಅಂತ ಬರೆದ ಏಟು ಕೂಡ 256ರಲ್ಲಿ ಒಂದು ಸಲ ತಪ್ಪುತ್ತೆ. ಫೋಕಸ್ ಎನರ್ಜಿ ಅನ್ನೋ ವಿದ್ಯೆ ಬಳಸಿದರೆ ಕ್ರಿಟಿಕಲ್ (ಮಾಮೂಲಿಗಿಂತ ಜೋರಾದ) ಏಟಿನ ಸಾಧ್ಯತೆ ಹೆಚ್ಚೋ ಬದಲು ಕಾಲು ಭಾಗಕ್ಕೆ ಇಳಿಯುತ್ತೆ. ಇಂಥ ಆಟಕ್ಕೆ ಸೇವ್ ಸ್ಟೇಟ್ ಮೋಸ ಅಲ್ಲ, ಪರಿಹಾರ.

ಕೆಂಪು_ಕಾರ್ಟ್ರಿಡ್ಜ್: ಬಗ್ ಬಗ್ ಅಂತೀರಿ. ಆ ಬಗ್ ಇಲ್ಲದಿದ್ದರೆ ಮಿಸ್ಸಿಂಗ್‌ನೋ ಅನ್ನೋ ಬಗ್ ಪೋಕೆಮಾನ್ ಎಲ್ಲಿರ್ತಿತ್ತು? ಸಿನ್ನಬಾರ್ ದ್ವೀಪದ ದಡದಲ್ಲಿ ಈಜಿ ಈಜಿ ಅದನ್ನ ಎದುರಿಸಿ, ಪೋಕೆಮಾನ್ ಲೆವೆಲ್ ಏರಿಸೋ ರೇರ್ ಕ್ಯಾಂಡಿ ನೂರಕ್ಕಿಂತ ಹೆಚ್ಚು ಮಾಡ್ಕೊಂಡಿದ್ದು ನಮ್ಮ ಸ್ವಂತ ಸಂಪಾದನೆ.

ಕುಡ್ಲದ_ಗೆಂಗಾರ್: ಹೋ! ಸೇವ್ ಸ್ಟೇಟ್ ಆದ್ರೆ ಮೋಸ, ಕ್ಯಾಂಡಿ ನಕಲು ಮಾಡಿದ್ರೆ ಸಂಪಾದನೆ. ಒಳ್ಳೆ ನ್ಯಾಯ.

ಕೆಂಪು_ಕಾರ್ಟ್ರಿಡ್ಜ್: ಅದು ಆಟದ ಒಳಗೇ ಇರೋದು ಸ್ವಾಮಿ! ಹೊರಗಿಂದ ತಂದಿದ್ದಲ್ಲ. ವ್ಯತ್ಯಾಸ ಗೊತ್ತಾಗದವರ ಜೊತೆ ಏನು ಮಾತು.

ನಿಧಾನ_ಸ್ಲೋಪೋಕ್: ಆಟದ ಒಳಗಿಂದಲೇ ಮ್ಯೂ (ಮಾಮೂಲಿಯಾಗಿ ಆಡಿದರೆ ಸಿಗದ 151ನೇ ಪೋಕೆಮಾನ್) ಕೂಡ ಬರುತ್ತೆ. ಸೆರುಲಿಯನ್ ಸೇತುವೆ ಹತ್ರ ಆಬ್ರಾ ಅನ್ನೋ ಪೋಕೆಮಾನ್‌ನಿಂದ ಟೆಲಿಪೋರ್ಟ್ ಮಾಡಿಸಿ, ಸ್ಲೋಪೋಕ್ ಇಟ್ಕೊಂಡಿರೋ ಹುಡುಗನ ಜೊತೆ ಹೋರಾಡಿ ವಾಪಸ್ ಬಂದರೆ ಆಯ್ತು. 2003ರ ಹೊತ್ತಿಗೆ ಗೊತ್ತಾದ ಉಪಾಯ. ಆಟದಲ್ಲಿ ನಿಂತಿರೋ ಲಾರಿ ಕೆಳಗೆ ಮ್ಯೂ ಇದೆ ಅನ್ನೋ ಗಾಳಿಸುದ್ದಿ ನಂಬಿ ಬೇಸಿಗೆ ರಜೆ ಪೂರ್ತಿ ಅದನ್ನ ತಳ್ಳಿದವನು ನಾನು.

ಹಾಸನದ_ಹೈದ: ಲಾರಿ ಕಥೆ ಆಮೇಲೆ. ಕಾರ್ಟ್ರಿಡ್ಜ್ ಅವರೇ, ನಿಮ್ಮ ಪೋಕೆಡೆಕ್ಸ್‌ನಲ್ಲಿ (ಹಿಡಿದ ಪೋಕೆಮಾನ್‌ಗಳ ಪಟ್ಟಿ) ಎಷ್ಟು?

ಕೆಂಪು_ಕಾರ್ಟ್ರಿಡ್ಜ್: 150. ಮಾವ ಅಮೆರಿಕದಿಂದ ತಂದ ರೆಡ್, ದೊಡ್ಡಪ್ಪನ ಮಗನ ಬ್ಲೂ, ನಿಜವಾದ ಕೇಬಲ್. ಒಂದೊಂದೂ ಬೆವರು ಸುರಿಸಿ ಹಿಡಿದದ್ದು.

ಹಾಸನದ_ಹೈದ: ಫೋಟೋ ಹಾಕಿ. ಸಂಜೆವರೆಗೂ ಕಾಯ್ತೀನಿ.

ಸುಮಾ_ಆರ್: ಅಂದ್ರೆ ಹಳೇದಕ್ಕೆ ಕೇಬಲ್ ಬೇರೆ ಬೇಕಾ?

ಬೈಟ್_ಭಟ್ಟ: ಫೈರ್‌ರೆಡ್ ಕೊಡಿಸಿ ಮೇಡಂ. ದೆವ್ವದ ತಪ್ಪನ್ನ ಮುಂದಿನ ಆಟಗಳಾದ ಗೋಲ್ಡ್, ಸಿಲ್ವರ್‌ನಲ್ಲೇ ತಿದ್ದಿದ್ರು. ಇದರಲ್ಲಿ ಆ ತೊಂದರೆ ಇಲ್ಲ.

ಕೆಂಪು_ಕಾರ್ಟ್ರಿಡ್ಜ್: ಫೋಟೋ ಆಗಲ್ಲ. ಆ ಕಾರ್ಟ್ರಿಡ್ಜ್‌ಗಳಲ್ಲಿ ಸೇವ್ ಉಳಿಯೋದು ಒಳಗಿನ ಸಣ್ಣ ಬ್ಯಾಟರಿಯಿಂದ. ಅದು ಸತ್ತು ವರ್ಷಗಳಾದವು. ಆದರೆ 150 ಇತ್ತು.

ಹಾಸನದ_ಹೈದ: ಇತ್ತು.

ಕೆಂಪು_ಕಾರ್ಟ್ರಿಡ್ಜ್: ದೊಡ್ಡಪ್ಪನ ಮಗನನ್ನ ಕೇಳಿ ಬೇಕಾದ್ರೆ!

ಕುಡ್ಲದ_ಗೆಂಗಾರ್: ಫಾರ್ಮ್ಯಾಟ್ ಆದ ಅಲಕಜಾಮ್ ಒಂದು, ಬ್ಯಾಟರಿ ಸತ್ತ 150. ನೀವಿಬ್ಬರೂ ಈಗ ಟ್ರೇಡ್ ಮಾಡ್ಕೊಳ್ಳಿ ಮಾರಾಯ್ರೇ.